ಕೃಷ್ಣಪ್ಪ ಕೈಯಿಟ್ಟ ಕೊನೆಯ ಜೀಪು

ಜಗ್ಗಿನ ನೀರು ರೇಡಿಯೇಟರಿನ ಬಾಯಿಗೆ ಬೀಳುವ ಬದಲು ಬಂಪರಿನ ಮೇಲೆ ಚೆಲ್ಲಿತು. ನಂದೀಶ ಜಗ್ಗನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಮತ್ತೆ ಹೊಯ್ದ. ನಲವತ್ತೆರಡು ವರ್ಷದ ಗಂಡಸು, ಮಾಂದಲಪಟ್ಟಿಯ ಕಲ್ಲುದಾರಿಯಲ್ಲಿ ಹದಿನೆಂಟು ವರ್ಷ ಪ್ರವಾಸಿಗರನ್ನು ಹತ್ತಿಸಿ ಇಳಿಸಿದವನು, ಇವತ್ತು ಒಂದು ಜಗ್ಗು ನೀರನ್ನು ನೆಟ್ಟಗೆ ಹೊಯ್ಯಲಾರದೆ ನಿಂತಿದ್ದ.

"ಸಾಕು ನಿಲ್ಸು ಮಾರಾಯ," ಎಂದ ಗಿರಿ. ಅವನೂ ಮಾಂದಲಪಟ್ಟಿ ಜೀಪು ಸ್ಟ್ಯಾಂಡಿನ ಡ್ರೈವರು. "ಎಷ್ಟು ಕುಡಿಸಿದ್ರೂ ಏರಲ್ಲಿ ಕಕ್ಕುವ ಗಾಡಿ ಇದು. ನನ್ನ ಜೀಪಲ್ಲಿ ತಗೊಂಡೋಗುವ ಅಂದೆ. ಲಿಂಗಮ್ಮಕ್ಕ ಕೇಳ್ಬೇಕಲ್ಲ."

ನಂದೀಶ ಮುಚ್ಚಳ ತಿರುಗಿಸಿ ಬಿಗಿ ಮಾಡಿದ.

ಅಂಗಳದಲ್ಲಿ ಬೆಂಚಿನ ಮೇಲೆ ಕೃಷ್ಣಪ್ಪನನ್ನು ಮಲಗಿಸಿದ್ದರು. ಗಾಳಿಬೀಡಿನಲ್ಲಿ ಮೂವತ್ತೈದು ವರ್ಷ ಜೀಪು ರಿಪೇರಿ ಮಾಡಿದ ಮನುಷ್ಯ, ಹಿಂದಿನ ದಿನ ಬೆಳಿಗ್ಗೆ ಕಾಫಿ ಕುಡಿದು ಲೋಟ ಕೆಳಗಿಟ್ಟವನು ಎದೆ ಹಿಡಿದುಕೊಂಡು ಪಕ್ಕಕ್ಕೆ ವಾಲಿದ್ದ, ಅಷ್ಟೇ. ಕುಶಾಲನಗರದಿಂದ ನೆಂಟರು ಬಂದು, ಮೈ ತೊಳೆಸಿ, ಹೊಸ ಪಂಚೆ ಉಡಿಸಿದ್ದರು. ಸೀಗೆಪುಡಿ ಹಾಕಿ ಎಷ್ಟು ಉಜ್ಜಿದರೂ ಉಗುರಿನ ಸಂದಿಯ ಕಪ್ಪು ಮಾತ್ರ ಹೋಗಿರಲಿಲ್ಲ. ಹೋದರೆ ತಾನೇ ಆಶ್ಚರ್ಯ.

ಗುಡ್ಡದ ಮೇಲೆ ಅವನದೇ ಮುಕ್ಕಾಲು ಎಕರೆ ಕಾಫಿ ಇತ್ತು. ಅಲ್ಲಿ ಗುಂಡಿ ತೋಡಿಯಾಗಿತ್ತು. ಊರಿಂದ ಎರಡು ಮೈಲಿ, ಪೂರಾ ಏರು, ಮಣ್ಣುದಾರಿ. ಶವದ ವ್ಯಾನು ಹತ್ತುವ ಮಾತೇ ಇಲ್ಲ, ಜೀಪೇ ಆಗಬೇಕು. ಯಾವ ಜೀಪು ಎಂದು ಮಾತು ಬಂದಾಗ ಕೃಷ್ಣಪ್ಪನ ಹೆಂಡತಿ ಲಿಂಗಮ್ಮ ಅಳು ನಿಲ್ಲಿಸಿ ತಲೆಯೆತ್ತಿ ಹೇಳಿದ್ದಳು: "ನಂದೀಶನ ಜೀಪಲ್ಲೇ ಹೋಗ್ಲಿ. ಇವ್ರು ಕೈಯಿಟ್ಟ ಕೊನೆ ಗಾಡಿ ಅದು. ಮೂರು ಸಲ ಬಿಚ್ಚಿ ಕಟ್ಟವ್ರೆ. ಏರು ಹತ್ತಿ ತೋರಿಸ್ಲಿ, ನೋಡೋರೆಲ್ಲ ಕಣ್ತುಂಬ ನೋಡ್ಲಿ."

ನೋಡೋರು ಯಾರು ಎಂಬುದು ಅಂಗಳದಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಕೃಷ್ಣಪ್ಪನ ಕೈ ಹೋಯಿತು, ಅವನು ಕಟ್ಟಿದ ಗಾಡಿ ಮೂರು ಸಲವೂ ಎಂಜಿನ್ ಕಾದು ನಿಂತಿತು ಎಂದು ತಿಂಗಳಿಂದ ಆಡಿಕೊಂಡವರು. ಗಿರಿಯೂ ಅವರಲ್ಲೊಬ್ಬ, ನೆಲ ನೋಡಿಕೊಂಡ.

ಆ ಜೀಪು ಏರು ಹತ್ತುವುದಿಲ್ಲ ಎಂದು ಅನುಮಾನ ಇದ್ದವರು ಬಹಳ. ಖಂಡಿತ ಗೊತ್ತಿದ್ದವನು ನಂದೀಶ ಒಬ್ಬನೇ. ಯಾಕೆ ಹತ್ತುವುದಿಲ್ಲ ಎಂಬುದೂ ಅವನೊಬ್ಬನಿಗೇ ಗೊತ್ತಿತ್ತು.

*

ಹೋದ ಡಿಸೆಂಬರಿನ ರಜೆಯ ವಾರ. ಮಾಂದಲಪಟ್ಟಿಯಲ್ಲಿ ಜೀಪುಗಳ ಸಾಲೋ ಸಾಲು. ಹಿಂದೆ ಏಳು ಜನ ಪ್ರವಾಸಿಗರನ್ನು ಕೂರಿಸಿಕೊಂಡು ಹೊರಟ ನಂದೀಶ ಎಂಜಿನ್ನಿನ ಕೆಳಗೆ ಹನಿ ಬೀಳುವುದನ್ನು ಕಂಡ. ರೇಡಿಯೇಟರು ಸೋರುತ್ತಿತ್ತು. ಬೆಸುಗೆ ಹಾಕಿಸಬೇಕೆಂದರೆ ಎರಡು ದಿನ ಗಾಡಿ ನಿಲ್ಲಿಸಬೇಕು. ಸೀಸನ್ನಿನಲ್ಲಿ ಗಾಡಿ ನಿಲ್ಲಿಸಿದರೆ ಮಾಲೀಕ ಬೆಳ್ಯಪ್ಪ ಬೇರೆ ಡ್ರೈವರನ್ನು ನೋಡಿಕೊಳ್ಳುತ್ತಾನೆ. ಹಿಂದಿನ ವರ್ಷ ಒಬ್ಬನನ್ನು ಹಾಗೇ ಕಳಿಸಿದ್ದ.

ನಂದೀಶ ದಾರಿಬದಿಯ ಅಂಗಡಿಯಲ್ಲಿ ಒಂದು ಪೊಟ್ಟಣ ಅರಿಶಿನ ಪುಡಿ ಕೊಂಡು ರೇಡಿಯೇಟರಿಗೆ ಸುರಿದ. ಹಳೇ ಲಾರಿ ಡ್ರೈವರುಗಳ ವಿದ್ಯೆ ಅದು. ಅರಿಶಿನ ಬಿಸಿನೀರಲ್ಲಿ ಊದಿ ತೂತಿಗೆ ಕೂತು ಸೋರುವುದನ್ನು ನಿಲ್ಲಿಸುತ್ತದೆ. ನಿಂತಿತು ಕೂಡ. ವಾರ ಬಿಟ್ಟು ಮತ್ತೆ ಸೋರಿತು, ಮತ್ತೊಂದು ಪೊಟ್ಟಣ. ಜನವರಿ ಮುಗಿಯುವಷ್ಟರಲ್ಲಿ ಆರು ಪೊಟ್ಟಣ ಆಗಿತ್ತು. ತೂತು ಮುಚ್ಚುವ ಅರಿಶಿನಕ್ಕೆ ಇದು ತೂತು, ಇದು ನೀರು ಹರಿಯುವ ಕೊಳವೆ ಎಂಬ ಭೇದವಿಲ್ಲ. ಫೆಬ್ರವರಿಯ ಒಂದು ಮಧ್ಯಾಹ್ನ ಏರಿನಲ್ಲಿ ಎಂಜಿನ್ ಕಾದು, ಎಂಜಿನ್ನಿನೊಳಗೆ ನೀರು ಆಯಿಲಿಗೆ ಸೇರದಂತೆ ತಡೆಯುವ ಹೆಡ್ ಗ್ಯಾಸ್ಕೆಟ್ ಹಾರಿ, ಹೊಗೆಯ ಕೊಳವೆಯಲ್ಲಿ ಬಿಳೀ ಹಬೆ ಬಂತು.

ಕೃಷ್ಣಪ್ಪನ ಶೆಡ್ಡಿಗೆ ಒಯ್ಯುವ ಮೊದಲು ನಂದೀಶ ಹೊಳೆಯ ಹತ್ತಿರ ಗಾಡಿ ನಿಲ್ಲಿಸಿ, ಹಳದಿ ನೀರನ್ನೆಲ್ಲ ಬಿಟ್ಟು, ತಿಳಿನೀರು ಬರುವ ತನಕ ತೊಳೆದ.

*

"ನಂದೀಶಣ್ಣ."

ಬೆಚ್ಚಿ ತಿರುಗಿದ. ಕೃಷ್ಣಪ್ಪನ ಮಗಳು ದಿವ್ಯಶ್ರೀ. ಐಟಿಐ ಓದಿ, ಕುಶಾಲನಗರದ ಬೈಕ್ ಶೋರೂಮಿನ ಸರ್ವಿಸ್ ವಿಭಾಗದಲ್ಲಿ ಕೆಲಸಕ್ಕಿದ್ದಳು. ಅತ್ತು ಅತ್ತು ಕಣ್ಣು ಊದಿದ್ದವು.

"ಮೊನ್ನೆ ರಾತ್ರಿ ಅಪ್ಪ ನಿಮಗೆ ಫೋನ್ ಮಾಡಿದ್ರಂತಲ್ಲ. ಅವ್ರ ಮೊಬೈಲಲ್ಲಿ ಕೊನೇದು ನಿಮ್ಮ ನಂಬರೇ ಇದೆ."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಳ್ಳುವವನ ಹಾಗೆ ನಂದೀಶ ಜೇಬಿನಲ್ಲಿದ್ದ ಮೊಬೈಲನ್ನು ಮುಟ್ಟಿಕೊಂಡ. "ಹ್ಞೂ. ಸುಮ್ನೆ. ಗಾಡಿ ಹೆಂಗೈತೆ ಅಂತ ಕೇಳಿದ್ರು."

"ಅಷ್ಟೇನಾ?"

"ಅಷ್ಟೇ ಕಣಮ್ಮ."

ಅವಳು ಅವನ ಮುಖವನ್ನೇ ನೋಡಿದಳು. ನಂಬಿದಳೋ ಇಲ್ಲವೋ ತಿಳಿಯಲಿಲ್ಲ. ಅಷ್ಟರಲ್ಲಿ ಬೆಳ್ಯಪ್ಪ ಕೋಲೂರಿಕೊಂಡು ಬಂದ. ಎಪ್ಪತ್ತೈದು ದಾಟಿದ ತೋಟದ ಸಾಹುಕಾರ, ಜೀಪಿನ ಮಾಲೀಕ.

"ಎಂತ ಮಾಡೋದು ಮಗಳೇ, ಒಳ್ಳೆ ಮನುಷ್ಯ," ಎಂದ ದಿವ್ಯಶ್ರೀಗೆ. "ಈಚೆಗೆ ಸ್ವಲ್ಪ ಕೆಲಸ ಕೆಟ್ಟಿತ್ತು. ವಯಸ್ಸು. ಅದರಲ್ಲಿ ಬೇಜಾರು ಮಾಡುವಂಥದ್ದು ಎಂತದೂ ಇಲ್ಲ."

"ಅಪ್ಪನ ಕೆಲಸ ಕೆಟ್ಟಿರ್ಲಿಲ್ಲ ಸಾವ್ಕಾರ್ರೇ," ಎಂದಳು ಅವಳು. ದನಿ ಏರಿಸಲಿಲ್ಲ. ನಂದೀಶ ಜಗ್ಗು ಎತ್ತಿಕೊಂಡು ಜೀಪಿನ ಆಚೆ ಮಗ್ಗುಲಿಗೆ ಹೋದ.

ಲಿಂಗಮ್ಮನ ತಮ್ಮ ಪುಟ್ಟ, ಅವನ ಮಗ ಸುದೀಪ, ಗಿರಿ, ನಂದೀಶ ನಾಲ್ವರೂ ಸೇರಿ ಚಟ್ಟವನ್ನು ಎತ್ತಿ ಜೀಪಿನ ಹಿಂದೆ ಉದ್ದಕ್ಕೆ ಇಟ್ಟರು. ಉಳಿದ ಗಂಡಸರು ತೋಟದ ಒಳದಾರಿಯಲ್ಲಿ ನಡೆದೇ ಗುಡ್ಡ ಹತ್ತಿದ್ದರು, ಗುಂಡಿಯ ಹತ್ತಿರ ಕಾಯುತ್ತಿದ್ದರು.

*

ಕೃಷ್ಣಪ್ಪನ ಪದ್ಧತಿಯೇ ಬೇರೆ. ಗಾಡಿ ಬಂದರೆ ಸ್ಪ್ಯಾನರ್ ಮುಟ್ಟುತ್ತಿರಲಿಲ್ಲ. ಡ್ರೈವರನ್ನು ಹಳೇ ಟಯರಿನ ಮೇಲೆ ಕೂರಿಸಿ, ಲಿಂಗಮ್ಮನಿಂದ ಕಾಫಿ ತರಿಸಿ, ಮೊದಲು ಅವನ ಬಾಯಿಂದ ಎಲ್ಲ ಕೇಳಬೇಕು. "ಡಾಕ್ಟ್ರ ಹತ್ರ ಸುಳ್ಳು ಹೇಳಿದ್ರೆ ನೀನು ಸಾಯ್ತೀಯ, ನನ್ನ ಹತ್ರ ಸುಳ್ಳು ಹೇಳಿದ್ರೆ ಗಾಡಿ ಸಾಯ್ತದೆ. ಯಾವ್ದು ಬೇಕು ನೋಡ್ಕೊ," ಎನ್ನುತ್ತಿದ್ದ. ಕೇಳಿದ್ದನ್ನು ನಂಬುತ್ತಿದ್ದ. ಹೇಳಿದವನ ಮಾತಿನ ಮೇಲೇ ಮುಂದಿನ ಕೆಲಸ. ಫೆಬ್ರವರಿಯಲ್ಲಿ ನಂದೀಶನನ್ನೂ ಹಾಗೇ ಕೂರಿಸಿ ಕೇಳಿದ್ದ.

"ರೇಡಿಯೇಟರ್ ಕ್ಲೀನ್ ಮಾಡ್ಸಿ ಎಷ್ಟು ದಿನ ಆತ್ಲಾ?"

"ಹೋದ ತಿಂಗಳೇ ಮಡಿಕೇರೀಲಿ ಮಾಡ್ಸಿದ್ದೀನಿ ಅಣ್ಣ."

"ಅದ್ರೊಳಕ್ಕೆ ಏನಾರ ಸುರ್ದಿದ್ದೀಯಾ?"

ಹಿಂದೊಮ್ಮೆ ರಾಗಿಹಿಟ್ಟು ಸುರಿದು ತಂದವನೊಬ್ಬನಿಗೆ, ಇದೇನು ನಿಮ್ಮವ್ವನ ಸಾರಿನ ಗಡಿಗೆಯೇನ್ಲಾ ಎಂದು ಬೈದು ಅಟ್ಟಿದ್ದು ನಂದೀಶನಿಗೆ ನೆನಪಿತ್ತು. ಬೈದರೆ ಬೈಯಲಿ, ಮಾತು ಬೆಳ್ಯಪ್ಪನ ಕಿವಿಗೆ ಹೋದರೆ ಕೆಲಸ ಹೋಗುತ್ತದೆ.

"ಇಲ್ಲ ಅಣ್ಣ. ಬರೀ ನೀರು."

ಆ ಮಾತು ನಂಬಿ ಕೃಷ್ಣಪ್ಪ ರೇಡಿಯೇಟರಿನ ಗೊಡವೆಗೇ ಹೋಗಲಿಲ್ಲ. ಗ್ಯಾಸ್ಕೆಟ್ ಹಾಕಿದ. ಶೆಡ್ಡಿನಲ್ಲಿ ಗಂಟೆಗಟ್ಟಲೆ ಓಡಿಸಿದರೂ ಎಂಜಿನ್ ತಣ್ಣಗಿತ್ತು, ಊರ ಸಮತಟ್ಟು ರಸ್ತೆಯಲ್ಲೂ ತಣ್ಣಗಿತ್ತು, ಜನ ತುಂಬಿ ಏರು ಹತ್ತಿದೊಡನೆ ಕಾಯಿತು. ಸೊಂಟ ಹೋಗಿದ್ದ ಕೃಷ್ಣಪ್ಪ ಆ ಕಲ್ಲುದಾರಿಯಲ್ಲಿ ಕೂತು ಬರುವ ಹಾಗಿರಲಿಲ್ಲ. ಎರಡನೇ ಸಲ ಬಿಚ್ಚಿ, ಎಂಜಿನ್ನಿನ ಮೇಲ್ಭಾಗದ ಹೆಡ್ಡನ್ನು ಮೈಸೂರಿಗೆ ಕಳಿಸಿ ಸಮ ಮಾಡಿಸಿ ತರಿಸಿ ಕಟ್ಟಿದ. ಮತ್ತೆ ಕಾಯಿತು. ಮೂರನೇ ಸಲ ವಾಟರ್ ಪಂಪು, ಫ್ಯಾನ್ ಬೆಲ್ಟು, ಎಲ್ಲ ಹೊಸದು. ಮತ್ತೆ ಕಾಯಿತು.

ಅವತ್ತು ಸ್ಟ್ಯಾಂಡಿನಲ್ಲಿ ಹತ್ತು ಜನರ ಎದುರು, ಬೆಳ್ಯಪ್ಪನೂ ಇದ್ದಾಗ, ನಂದೀಶ ಬಾಯಿಬಿಟ್ಟು ಹೇಳಿದ: "ಕೃಷ್ಣಪ್ಪಣ್ಣಂಗೆ ಕಣ್ಣು ಕಾಣ್ಸಲ್ಲ, ಕೈ ನಿಲ್ಲಲ್ಲ. ಅವ್ರ ಹತ್ರ ಗಾಡಿ ಬಿಟ್ಟಿದ್ದೇ ತಪ್ಪಾಯ್ತು." ಬಾಯಿಂದ ಬಾಯಿಗೆ ಆ ಮಾತು ಗುಡ್ಡ ಇಳಿಯಿತು. ಶೆಡ್ಡಿಗೆ ಗಾಡಿ ಬರುವುದು ಕಡಿಮೆಯಾಯಿತು. ಸಂಜೆ ಹೊತ್ತು ಕೃಷ್ಣಪ್ಪ ತನ್ನ ಅಂಗೈಗಳನ್ನು ತಾನೇ ಮಗುಚಿ ಮಗುಚಿ ನೋಡಿಕೊಳ್ಳುವುದನ್ನು ನಂದೀಶ ರಸ್ತೆಯಿಂದಲೇ ಒಮ್ಮೆ ಕಂಡಿದ್ದ. ಗಾಡಿ ನಿಲ್ಲಿಸದೆ ಹೋಗಿದ್ದ.

ಮೊನ್ನೆ ರಾತ್ರಿ ಬಂದ ಫೋನಿನಲ್ಲಿ ಮುದುಕನ ದನಿ ಮೆತ್ತಗಿತ್ತು. "ನಾಳೆ ಬೆಳಿಗ್ಗೆ ಬಾರ್ಲಾ ನಂದೀಶ. ನಿನ್ನ ಒಂದು ಮಾತು ಕೇಳ್ಬೇಕು. ಬೈಯಕ್ಕಲ್ಲ, ಬಾ."

ರಾತ್ರಿಯಿಡೀ ನಂದೀಶ ಕಣ್ಣು ಮುಚ್ಚಲಿಲ್ಲ. ಬೆಳಕು ಹರಿದರೂ ಹೊರಡದೆ ಕೂತಿದ್ದಾಗ, ಏಳೂವರೆಗೆ ಗಿರಿ ಫೋನ್ ಮಾಡಿ ಸಾವಿನ ಸುದ್ದಿ ಹೇಳಿದ. ಆಗ ನಂದೀಶನಿಗೆ ಮೊದಲು ಆದದ್ದು ದುಃಖವಲ್ಲ, ನಿರಾಳ. ಸದ್ಯ, ಇನ್ನು ಕೇಳುವವರಿಲ್ಲ ಎಂದು ಎದೆ ಹಗುರಾಯಿತು. ಎರಡನೇ ಉಸಿರು ತೆಗೆಯುವಷ್ಟರಲ್ಲಿ ತನ್ನ ಮೇಲೆ ತನಗೇ ಹೇಸಿಗೆ ಬಂತು. ಮೂರನೆಯದಕ್ಕೆ ಭಯ. ಮುದುಕ ಹೆಂಡತಿಗೆ ಹೇಳಿ ಸತ್ತನೋ ಏನೋ. ಈ ಕೊರಗೇ ಅವನ ಎದೆ ಒಡೆಯಿತೋ ಏನೋ.

*

ಮೊದಲ ಮೈಲಿಯಲ್ಲಿ ಎಂಜಿನ್ನಿನ ಬಿಸಿ ತೋರಿಸುವ ಮುಳ್ಳು ನಡುವೆಯೇ ನಿಂತಿತ್ತು. ಕಾಫಿ ಹೂ ಬಾಡಿ ಉದುರಿದ ವಾರ, ಏಪ್ರಿಲ್ ಬಿಸಿಲು ಬೆಳಿಗ್ಗೆ ಹತ್ತಕ್ಕೇ ಸುಡುತ್ತಿತ್ತು. ಮುಂದಿನ ಸೀಟಿನಲ್ಲಿ ಬೆಳ್ಯಪ್ಪ. ಹಿಂದೆ ಚಟ್ಟದ ಆಚೀಚೆ ಲಿಂಗಮ್ಮ, ದಿವ್ಯಶ್ರೀ, ಪುಟ್ಟ, ಸುದೀಪ. ಗಾಡಿ ನಿಂತರೆ ಚಕ್ರಕ್ಕೆ ಕಲ್ಲು ಕೊಡಲು ಗಿರಿ ಹಿಂಬದಿಯಲ್ಲಿ ನೇತಾಡುತ್ತಿದ್ದ.

ನಂದೀಶ ದಾರಿಗಿಂತ ಹೆಚ್ಚಾಗಿ ಮುಳ್ಳನ್ನೇ ನೋಡುತ್ತಿದ್ದ. ಇಷ್ಟದೈವಗಳನ್ನೆಲ್ಲ ನೆನೆದ. ಇದೊಂದು ಏರು ಹತ್ತಿಸಿಬಿಡಿ, ನಾಳೆಯೇ ಯಾರಿಗೂ ಹೇಳದೆ ರೇಡಿಯೇಟರು ಬದಲಾಯಿಸುತ್ತೇನೆ ಎಂದು ಹರಕೆ ಹೊತ್ತ. ದೇವರ ಹತ್ತಿರವೂ ಗುಟ್ಟಿನ ವ್ಯವಹಾರವೇ.

"ಹತ್ತುತೈತೆ ನೋಡ್ಲಾ," ಎಂದಳು ಲಿಂಗಮ್ಮ ತಮ್ಮನಿಗೆ. ಕುಲುಕಾಟಕ್ಕೆ ಗಂಡನ ತಲೆ ಅಲುಗದಂತೆ ಎರಡೂ ಕೈಯಲ್ಲಿ ಹಿಡಿದು ಕೂತಿದ್ದಳು. "ನಾನು ಹೇಳ್ನಿಲ್ವಾ? ಹತ್ತುತೈತೆ."

ಆ ದನಿಯಲ್ಲಿದ್ದ ಆಸೆ ಕೇಳಿ ನಂದೀಶನ ಕುತ್ತಿಗೆಯ ಹಿಂದೆ ಬೆವರು ಇಳಿಯಿತು. ಮುಳ್ಳು ಮುಕ್ಕಾಲಿಗೆ ಬಂತು. ಎರಡನೇ ತಿರುವಿನಲ್ಲಿ ಕೆಂಪಿಗೆ ತಾಗಿತು. ನಿಲ್ಲಿಸಿದರೆ ಮರ್ಯಾದೆ ಹೋಗುತ್ತದೆ, ನಿಲ್ಲಿಸದಿದ್ದರೆ ಎಂಜಿನ್ ಕಾದು ಬಿಗಿಹಿಡಿದು ಸಾಯುತ್ತದೆ. ಅಡಕತ್ತರಿಯಲ್ಲಿ ಸಿಕ್ಕ ಅಡಕೆಯಂತಾದ. ಅಷ್ಟರಲ್ಲಿ ಬಾನೆಟ್ಟಿನ ಸಂದಿಯಿಂದ ಬುಸ್ಸೆಂದು ಹಬೆ ಎದ್ದಿತು.

"ಮುಗೀತು," ಎಂದ ಗಿರಿ, ಹಾರಿ ಇಳಿದು ಚಕ್ರಕ್ಕೆ ಕಲ್ಲು ಕೊಟ್ಟ. "ಸತ್ತ ದಿನಾನೂ ಕೈ ಕೊಡ್ತಲ್ಲ ಇವರ ಕೆಲಸ."

ಲಿಂಗಮ್ಮ ಬಗ್ಗಿ ಗಂಡನ ಮುಖದ ಮೇಲೆ ಸೆರಗು ಹೊದಿಸಿದಳು. ಬಿಸಿಲಿಗೋ, ನಾಚಿಕೆಗೋ. ಅದನ್ನು ಕನ್ನಡಿಯಲ್ಲಿ ಕಂಡ ನಂದೀಶ ಕೀಲಿ ತಿರುಗಿಸಲು ಕೈ ಚಾಚಿದ.

"ಆಫ್ ಮಾಡ್ಬೇಡಿ," ಎಂದಳು ದಿವ್ಯಶ್ರೀ. ಇಳಿದು ಮುಂದೆ ಬಂದಿದ್ದಳು. "ರೇಸ್ ಕೊಡದೆ ಒಂದು ನಿಮಿಷ ಹಂಗೇ ಬಿಡಿ. ಗಿರಿಯಣ್ಣ, ಬಾನೆಟ್ ಎತ್ತಿ."

"ಈಗ್ಯಾಕಮ್ಮ ಅದೆಲ್ಲ?" ಎಂದ ಪುಟ್ಟ. "ಮಣ್ಣು ಮಾಡೋ ಹೊತ್ನಲ್ಲಿ."

"ಈಗಲ್ದೆ ಇನ್ಯಾವಾಗ ಮಾವ? ಏರಲ್ಲಿ ಕಾಯೋದನ್ನ ಅಪ್ಪ ಒಂದ್ಸಲಾನೂ ಕಣ್ಣಲ್ಲಿ ನೋಡ್ಲಿಲ್ಲ."

ಬಾನೆಟ್ ಎದ್ದಿತು. ಅವಳು ಸೆರಗು ಸೊಂಟಕ್ಕೆ ಸಿಕ್ಕಿಸಿ ಬಗ್ಗಿದಳು. ಫ್ಯಾನ್ ನೋಡಿದಳು, ಸರಿಯಾಗಿ ತಿರುಗುತ್ತಿತ್ತು. ಎಂಜಿನ್ನಿನಿಂದ ರೇಡಿಯೇಟರಿಗೆ ಬಿಸಿನೀರು ತರುವ ಮೇಲಿನ ಪೈಪನ್ನು ಬೆರಳ ತುದಿಯಲ್ಲಿ ಮುಟ್ಟಿ ಥಟ್ಟನೆ ಕೈ ಎಳೆದುಕೊಂಡಳು. ಆಮೇಲೆ ಕೆಳಗಿನ ಪೈಪು, ತಣಿದ ನೀರು ಹಿಂದಿರುಗುವಂಥದ್ದು. ಅದನ್ನು ಹಿಡಿದಳು. ಹಿಡಿದೇ ಇದ್ದಳು.

ನಂದೀಶ ಸ್ಟಿಯರಿಂಗ್ ಬಿಡದೆ ಕೂತು ನೋಡುತ್ತಿದ್ದ. ಆ ಕೈ ಪೈಪಿನ ಮೇಲಲ್ಲ, ತನ್ನ ಗಂಟಲಿನ ಮೇಲಿದೆ ಅನ್ನಿಸಿತು.

"ಈಗ ಆಫ್ ಮಾಡಿ."

ಎಂಜಿನ್ ನಿಂತ ಮೇಲೆ ಆಯಿಲ್ ಕಡ್ಡಿ ಎಳೆದು ಬೆರಳಲ್ಲಿ ಒರೆಸಿ ಬೆಳ್ಯಪ್ಪನ ಮುಂದೆ ಹಿಡಿದಳು. "ನೋಡಿ ಸಾವ್ಕಾರ್ರೇ. ಆಯಿಲಿಗೆ ನೀರು ಸೇರಿಲ್ಲ. ಹೊಗೇಲೂ ಹಬೆ ಇಲ್ಲ. ಅಪ್ಪ ಹಾಕಿದ ಗ್ಯಾಸ್ಕೆಟ್ ಗಟ್ಟಿಯಾಗಿದೆ. ಮೇಲಿನ ಪೈಪು ಸುಡ್ತಿದೆ, ಕೆಳಗಿಂದು ತಣ್ಣಗಿದೆ. ನೀರು ಕೆಳಗೆ ಇಳೀತಾನೇ ಇಲ್ಲ. ರೇಡಿಯೇಟರ್ ಒಳಗೆ ಕಟ್ಕೊಂಡಿದೆ."

"ಅದು ಹೇಗೆ?" ಎಂದ ಬೆಳ್ಯಪ್ಪ. "ಮಡಿಕೇರಿಯಲ್ಲಿ ಕ್ಲೀನ್ ಮಾಡಿಸಿದ್ದೇನೆ ಅಂತ ಇವನೇ ಹೇಳಿದ್ದಲ್ಲ?"

ಎಲ್ಲರೂ ನಂದೀಶನ ಕಡೆ ತಿರುಗಿದರು. ಅವನ ನಾಲಗೆಯ ತುದಿಯಲ್ಲಿ ಉತ್ತರ ಸಿದ್ಧವಿತ್ತು. ಮಡಿಕೇರಿಯವನು ಸರಿಯಾಗಿ ಮಾಡಿಲ್ಲ ಎಂದರೆ ಆಯಿತು. ಎಷ್ಟು ಸಲೀಸು. ಯಾರು ಹೋಗಿ ಕೇಳುತ್ತಾರೆ? ಕೆಲಸ ಉಳಿಯುತ್ತದೆ, ಕೃಷ್ಣಪ್ಪನ ಹೆಸರೂ ಅರ್ಧ ಉಳಿಯುತ್ತದೆ. ಬಾಯಿ ತೆರೆದ.

"ನಂದೀಶ," ಎಂದಳು ಲಿಂಗಮ್ಮ ಹಿಂದಿನಿಂದ. ಪೈಪು, ರೇಡಿಯೇಟರು ಅವಳಿಗೆ ಬೇಕಿರಲಿಲ್ಲ. "ಹಂಗಾರೆ ಇವ್ರ ಕೈದು ತಪ್ಪಿಲ್ವೇನಪ್ಪ? ನಿಜ ಹೇಳು. ಎರಡು ತಿಂಗ್ಳು ಸರಿಯಾಗಿ ಉಣ್ಣಲಿಲ್ಲ ಈ ಮನ್ಸ. ನನ್ನ ಕೈಗೆ ಏನಾಯ್ತೇ ಲಿಂಗಿ ಅಂತ ಕೇಳೋರು. ನಾನೇನು ಹೇಳ್ಲಿ? ನಂಗೇನು ಗೊತ್ತು?"

ಸಿದ್ಧವಾಗಿದ್ದ ಸುಳ್ಳನ್ನು ನುಂಗಿಕೊಂಡು ನಂದೀಶ ಇಳಿದ. ಜೀಪಿನ ಹಿಂದೆ ಬಂದು ಮಡ್‌ಗಾರ್ಡ್ ಹಿಡಿದುಕೊಂಡ.

"ಅರಿಶಿನ ಹಾಕಿದ್ದೆ ಅಕ್ಕ," ಎಂದ. "ಸೋರ್ತಿತ್ತು ಅಂತ. ಆರು ಪೊಟ್ಟಣ. ಕ್ಲೀನ್ ಮಾಡ್ಸಿದ್ದೆ ಅಂದದ್ದೂ ಸುಳ್ಳು. ಅಣ್ಣ ಕೇಳಿದ್ರು, ಇಲ್ಲ ಅಂದೆ. ನಂಬಿದ್ರು. ಮೊನ್ನೆ ರಾತ್ರಿ ಬಾ, ಒಂದು ಮಾತು ಕೇಳ್ಬೇಕು ಅಂತ ಕರೆದ್ರು. ಬೆಳಿಗ್ಗೆ ಹೋಗ್ಲಿಲ್ಲ." ಇನ್ನೂ ಏನೋ ಹೇಳಹೋದ. ಅಳು ಬಂತು.

ಗಿರಿ ಹೆಗಲ ಮೇಲಿನ ಟವೆಲ್ ತೆಗೆದು ಮುಖ ಒರೆಸಿಕೊಂಡ. ಲಿಂಗಮ್ಮ ಗಂಡನ ಮುಖದ ಮೇಲಿನ ಸೆರಗು ಸರಿಸಿ ಕಿವಿಯ ಹತ್ತಿರ ಬಾಗಿದಳು.

"ಕೇಳಿಸ್ತಾ?" ಎಂದಳು. "ನಿಮ್ ಕೈದು ತಪ್ಪಿರ್ಲಿಲ್ವಂತೆ."

ಬೆಳ್ಯಪ್ಪ ಬಾಗಿ ಜೀಪಿನ ಕೀಲಿ ಕಿತ್ತು ಕೋಟಿನ ಜೇಬಿಗೆ ಹಾಕಿಕೊಂಡ. ನಂದೀಶನ ಕೆಲಸ ಅಲ್ಲಿಗೆ ಮುಗಿಯಿತು.

"ನಾನು ಓಡಿಹೋಗಿ ನನ್ನ ಗಾಡಿ ತರ್ತೇನೆ," ಎಂದ ಗಿರಿ.

"ಬ್ಯಾಡ," ಎಂದಳು ಲಿಂಗಮ್ಮ. "ಇನ್ನು ಗಾಡಿ ಬ್ಯಾಡ. ಅಲ್ಲೇ ಕಾಣ್ತೈತಲ್ಲ ತೋಟ. ಹೊತ್ಕೊಂಡೇ ಹೋಗಾಣ."

ಚಟ್ಟ ಇಳಿಸಿದರು. ಕಾಲಿನ ಕಡೆ ಗಿರಿ ಮತ್ತು ಸುದೀಪ, ತಲೆಯ ಕಡೆ ಒಂದು ಮಗ್ಗುಲಿಗೆ ಪುಟ್ಟ. ನಾಲ್ಕನೆಯ ಹೆಗಲಿಗೆ ಅಲ್ಲಿ ಉಳಿದಿದ್ದ ಗಂಡಸರು ಕೋಲೂರಿದ ಬೆಳ್ಯಪ್ಪ ಮತ್ತು ನಂದೀಶ, ಇಬ್ಬರೇ. ನಂದೀಶ ಕಣ್ಣೊರೆಸಿಕೊಂಡು ಎರಡು ಹೆಜ್ಜೆ ಮುಂದೆ ಬಂದ. ಬಾ ಎಂದು ಯಾರೂ ಅನ್ನಲಿಲ್ಲ, ಬೇಡ ಎಂದೂ ಅನ್ನಲಿಲ್ಲ. ಇಷ್ಟು ದಿನ ಹೆದರಿದ್ದು ಸಾಲದೆಂಬಂತೆ ಈಗ ಇನ್ನೊಂದು ಹೆದರಿಕೆ ಅವನನ್ನು ಹಿಡಿಯಿತು. ಆ ಬಿದಿರನ್ನು ಮುಟ್ಟಲು ಬಿಡದೆ ಹೋದರೆ?

ಅವನು ಬಗ್ಗುವ ಮೊದಲೇ ದಿವ್ಯಶ್ರೀ ಅಲ್ಲಿಗೆ ಬಂದು ಬಿದಿರಿನ ಕೆಳಗೆ ಹೆಗಲು ಕೊಟ್ಟಿದ್ದಳು. ಹೆಣ್ಣುಮಕ್ಕಳು ಚಟ್ಟ ಹೊರುವ ರೂಢಿ ಅವರಲ್ಲಿ ಇರಲಿಲ್ಲ. ಪುಟ್ಟ ಬಾಯಿ ತೆರೆದವನು ಅಕ್ಕನ ಮುಖ ನೋಡಿ ಸುಮ್ಮನಾದ.

"ಏಳಿ," ಎಂದಳು ಲಿಂಗಮ್ಮ.

ಎತ್ತಿದರು. ದಿವ್ಯಶ್ರೀ ಉಳಿದ ಮೂವರಿಗಿಂತ ಒಂದು ಗೇಣು ಗಿಡ್ಡ. ಅವಳ ಮೂಲೆ ತಗ್ಗಿತು. ಹೆಜ್ಜೆ ಹೆಜ್ಜೆಗೂ ಭಾರವೆಲ್ಲ ಅವಳ ಕಡೆಗೆ ಜಾರುತ್ತಿತ್ತು, ಅವಳು ಕಾಲೂರಿ ಮತ್ತೆ ಎತ್ತುತ್ತಿದ್ದಳು. ಬೆಳ್ಯಪ್ಪ ಕೋಲೂರಿಕೊಂಡು ಹಿಂದೆ ಹೋದ. ನಂದೀಶ ಹಬೆಯಾಡುವ ಜೀಪಿನ ಪಕ್ಕದಲ್ಲೇ ನಿಂತಿದ್ದ. ಏರಿನ ಮೇಲೆ ಕೃಷ್ಣಪ್ಪನ ತಲೆ ಮೆಲ್ಲಗೆ ಹೊರಳಿ, ಮಗಳಿಗೆ ಏನೋ ಹೇಳುವವನ ಹಾಗೆ ಅವಳ ಕಿವಿಯ ಹತ್ತಿರ ಬಂದು ನಿಂತಿತು. ತಿರುವು ದಾಟುವವರೆಗೂ ಅದು ಅಲ್ಲೇ ಇತ್ತು.